ಹೊಳೆಕಡೆ

ಶಿವಮೊಗ್ಗ

ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಸೋಮವಾರ ಬಂತು. ಮನೆ ಸುದ್ದಿಯೆಲ್ಲ ನಿನ್ನ ಅಮ್ಮ ಹೇಳಿರುತ್ತಾಳೆ, ಬಿಡು. ಉಪಗ್ರಹದ ಕೆಲಸದ ಬಗ್ಗೆ ಎರಡು ಪುಟ ಬರೆದು ಕೊನೆಗೆ ಒಂದು ಸಾಲು ಸೇರಿಸಿದ್ದೀಯಲ್ಲ, ‘ಅಲ್ಲಿ ಮೇಲೆ ಕೆಳಗೆ ಅಂತ ಏನೂ ಇಲ್ಲ ದೊಡ್ಡಪ್ಪ, ಈಗೀಗ ನನಗೂ ದಿಕ್ಕೇ ಇಲ್ಲ ಅನ್ನಿಸುತ್ತೆ’ ಅಂತ. ಅದನ್ನು ಓದಿದ ಮೇಲೆ ಊಟ ಸೇರಲಿಲ್ಲ. ನಮ್ಮಲ್ಲಿ ದಿಕ್ಕಿಲ್ಲದವರು ಅಂದರೆ ದಾರಿ ಗೊತ್ತಿಲ್ಲದವರಲ್ಲ, ಹೇಳುವವರು ಕೇಳುವವರು ಇಲ್ಲದವರು. ನೀನು ಯಾವ ಅರ್ಥದಲ್ಲಿ ಬರೆದೆ?

ನೀನು ಬರೆದ ಪದಗಳನ್ನು ಎರಡೆರಡು ಸಲ ಓದಿದೆ. ಬಾಹ್ಯಾಕಾಶ ನಿಲ್ದಾಣದಲ್ಲಿ ಭೂಮಿಯ ಕಡೆ ನೇಡಿರ್, ಭೂಮಿಗೆ ಬೆನ್ನು ಹಾಕಿದ ಕಡೆ ಜೆನಿತ್. ಸಾಗುವ ಕಡೆ ಫಾರ್ವರ್ಡ್, ಹಿಂದಿನದು ಆಫ್ಟ್. ಎಡಬಲಕ್ಕೆ ಹಡಗಿನವರ ಪೋರ್ಟ್, ಸ್ಟಾರ್‌ಬೋರ್ಡ್. ಸುಮಾರು 400 ಕಿಲೋಮೀಟರ್ ಎತ್ತರ, 90 ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಸುತ್ತು. ತೇಲುವವರ ಕಾಲು ಎತ್ತ ಇದ್ದರೂ ನೇಡಿರ್ ಅಂದರೆ ಎಲ್ಲರೂ ಒಂದೇ ಕಡೆ ತಿರುಗುತ್ತಾರೆ, ಅಲ್ವಾ?

ಮುಳುಗಡೆಗೆ ಮುಂಚೆ ನಮ್ಮೂರೂ ಹಾಗೇ ಇತ್ತು. ಪೂರ್ವ ಪಶ್ಚಿಮ ಅಂತ ಯಾರೂ ಹೇಳುತ್ತಿರಲಿಲ್ಲ. ಒಂದು ಹೊಳೆಕಡೆ, ಇನ್ನೊಂದು ಗುಡ್ಡದ ಕಡೆ. ಹಸು ಹೊಳೆಕಡೆ ಹೋಯ್ತು, ಎಲೆ ಗುಡ್ಡದ ಕಡೆಯಿಂದ ಹಾಕ್ಕೊಂಡು ಬಾ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ನನಗೆ 9 ವರ್ಷ. ಅಷ್ಟು ಹೊತ್ತಿಗೆ ನಾವು ಶಿವಮೊಗ್ಗದ ಕಡೆಯ ಬಯಲಿಗೆ ಬಂದಾಗಿತ್ತು.

ಹೊಸ ಮನೆಯಲ್ಲೂ ನಿನ್ನ ಅಜ್ಜಿ ‘ಆ ಬಿಂದಿಗೆ ಹೊಳೆಕಡೆ ಸರಿಸು’ ಅನ್ನುತ್ತಿದ್ದಳು. ನಾನು ಒಂದು ದಿನ ರೇಗಿ, ‘ಇಲ್ಲೆಲ್ಲಿದೆ ಹೊಳೆ? ಹೊಳೆಯೇ ಮುಳುಗಿಹೋಯ್ತು’ ಅಂದುಬಿಟ್ಟೆ. ಒಲೆ ಊದುತ್ತಿದ್ದವಳು ಊದುಗೊಳವೆ ಕೆಳಗಿಟ್ಟು ನನ್ನ ಮುಖ ನೋಡಿದಳು. ಆಮೇಲೆ ಸಾಯುವವರೆಗೆ ಹೊಳೆಕಡೆ ಅನ್ನಲಿಲ್ಲ. ‘ಆ ಕಡೆ, ಈ ಕಡೆ’ ಅಂತ ಬೆರಳು ತೋರಿಸುತ್ತಿದ್ದಳು. ಕಣ್ಣಿಗೆ ಕಾಣದಿದ್ದರೂ ಅವಳಿಗೆ ಹೊಳೆ ಇತ್ತು. ಅದನ್ನು ಕಿತ್ತುಕೊಂಡವನು ನಾನು. ಒಂದು ದಿನವಾದರೂ ತಪ್ಪಾಯ್ತು ಅನ್ನಲಿಲ್ಲ.

ಅದಕ್ಕೇ ನಿನ್ನ ಆ ಸಾಲು ನನ್ನನ್ನು ಬಿಡುತ್ತಿಲ್ಲ. ಉಪಗ್ರಹವೂ ನಕ್ಷತ್ರ ನೋಡಿ ತನ್ನ ಮುಖ ಎತ್ತ ಇದೆ ಅಂತ ತಿಳಿಯುತ್ತೆ ಅಂತ ನೀನೇ ಬರೆದಿದ್ದೀಯ. ಹೊರಗಿನದೊಂದನ್ನು ನೋಡದೆ ಅದಕ್ಕೂ ಆಗುವುದಿಲ್ಲ. ನೀನು ಯಾರನ್ನು ನೋಡುತ್ತೀಯ ಪುಟ್ಟೀ? ರಾತ್ರಿ ಊಟಕ್ಕೆ ಯಾರ ಜೊತೆಗಾದರೂ ಕೂತುಕೋ. ನಿನ್ನ ಕೆಲಸದ ಕಷ್ಟ ಗೊತ್ತಿಲ್ಲದೆ ಹೇಳುತ್ತಿದ್ದೇನೆ, ಜಾಸ್ತಿ ಆಯ್ತು ಅನ್ನಿಸಿದರೆ ಬಿಟ್ಟುಬಿಡು. ಮ್ಯಾಪು ನೋಡಿದೆ, ಬೆಂಗಳೂರಿನಿಂದ ನಾವು ವಾಯವ್ಯಕ್ಕೆ ಬರುತ್ತೇವೆ. ನಿನ್ನ ಕೋಣೆಯ ಕಿಟಕಿ ಯಾವ ಕಡೆಗಿದೆ, ಬರೆ.

ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹಳೇ ಮರದ ಬುಡಗಳು ಕಾಣುತ್ತವೆ. ಆಗ ಕರೆದುಕೊಂಡು ಹೋಗಿ ಹೊಳೆಕಡೆ ಯಾವುದು ಅಂತ ತೋರಿಸುತ್ತೇನೆ. ಅಲ್ಲಿವರೆಗೆ ತಡೆಯೋಕೆ ಆಗದಿದ್ದರೆ ರಾತ್ರಿ ರೈಲು ಹತ್ತು. ಫೋನ್ ಕೂಡ ಮಾಡಬೇಕಿಲ್ಲ, ಸುಮ್ನೆ ಬಂದು ಬಾಗಿಲು ತಟ್ಟು. ಆ ಮಾತು ಯಾವ ಅರ್ಥದಲ್ಲಿ ಬರೆದೆ ಅಂತ ಮಾತ್ರ ಬೇಗ ತಿಳಿಸು.

ನಿನ್ನ ದೊಡ್ಡಪ್ಪ