ವೈವಾ ಮುಗಿಯಿತು, ಈಗ ಥ್ಯಾಂಕ್ಸ್ ಹೇಳುವ ಸರದಿ

ನಿನ್ನೆ ಪಿಎಚ್‌ಡಿ ವೈವಾ ಮುಗಿಯಿತು. ಶುಭಾಶಯ ಹೇಳಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ವರ್ಷ ಏನು ಮಾಡುತ್ತಿದ್ದೆ ಅಂತ ತುಂಬಾ ಜನ ಕೇಳಿದ್ದೀರಿ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ನನ್ನ ಕೆಲಸ ಕುಬ್ಜಗ್ರಹ ಪ್ಲೂಟೊದ ವಾತಾವರಣವನ್ನು ಭೂಮಿಯಿಂದಲೇ ಅಳೆಯುವುದು. ಪ್ಲೂಟೊ ಸಾಗುವಾಗ ಅಪರೂಪಕ್ಕೆ ಯಾವುದೋ ದೂರದ ನಕ್ಷತ್ರಕ್ಕೆ ಅಡ್ಡ ಬರುತ್ತದೆ. ಇದೇ ಅಕಲ್ಟೇಶನ್. ಪ್ಲೂಟೊದಲ್ಲಿ ಗಾಳಿಯೇ ಇಲ್ಲದಿದ್ದರೆ ನಕ್ಷತ್ರ ಸ್ವಿಚ್ ಆರಿಸಿದ ಹಾಗೆ ಥಟ್ಟನೆ ಮಾಯವಾಗಬೇಕು. ಆದರೆ ಹಾಗಾಗುವುದಿಲ್ಲ, ಬೆಳಕು ಅಲ್ಲಿನ ತೆಳು ವಾತಾವರಣದಲ್ಲಿ ಬಾಗಿ, ಹರಡಿ, ಮೆಲ್ಲಗೆ ಕುಂದುತ್ತದೆ, ಆ ಕುಂದುವ ರೀತಿಯಿಂದಲೇ ಒತ್ತಡ, ಉಷ್ಣತೆ ಎಲ್ಲ ಲೆಕ್ಕ ಹಾಕಬಹುದು. 1988ರಲ್ಲಿ ಖಗೋಳವಿಜ್ಞಾನಿ ಜೇಮ್ಸ್ ಎಲಿಯಟ್ ಅವರ ತಂಡ ವಿಮಾನದಲ್ಲಿ ಟೆಲಿಸ್ಕೋಪ್ ಇಟ್ಟುಕೊಂಡು ಹೋಗಿ ಇದನ್ನು ಸ್ಪಷ್ಟವಾಗಿ ದಾಖಲಿಸಿತು. 2020ರ ಜೂನ್ 6ರಂದು ನೈನಿತಾಲ್ ಹತ್ತಿರದ ದೇವಸ್ಥಲ ವೀಕ್ಷಣಾಲಯದಿಂದ ನೋಡಿದಾಗ ಸಿಕ್ಕ ಒತ್ತಡ ಸುಮಾರು 12 ಮೈಕ್ರೋಬಾರ್. ನಮ್ಮ ಸಮುದ್ರಮಟ್ಟದ ಒತ್ತಡದ 80,000ದಲ್ಲಿ ಒಂದು ಪಾಲು! ಭೂಮಿ ಮೇಲೆ ನಿಂತು ಇಷ್ಟನ್ನು ಅಳೆಯಬಹುದು ಅನ್ನೋದು ನನಗೆ ಇವತ್ತಿಗೂ ಆಶ್ಚರ್ಯ.

ಕಷ್ಟ ಏನೆಂದರೆ ಎಲ್ಲ ಕೆಲವೇ ನಿಮಿಷದ ಆಟ, ಭೂಮಿ ಮೇಲೆ ಪ್ಲೂಟೊದ ನೆರಳು ಬೀಳುವ ಪಟ್ಟಿಯಲ್ಲೇ ನಾವಿರಬೇಕು, ಆಕಾಶವೂ ತಿಳಿಯಾಗಿರಬೇಕು. ನಾವು ತಿಂಗಳುಗಟ್ಟಲೆ ತಯಾರಾಗಿದ್ದ ರಾತ್ರಿ ಮೋಡ ಕವಿಯಿತು. ಥೀಸಿಸ್ಸೇ ಬೇಡ ಅನ್ನಿಸಿಬಿಟ್ಟಿತ್ತು. "ಮೊದಲು ಊಟ ಮಾಡಿ ಮಲಗಮ್ಮ, ನಾಳೆ ಮಾತಾಡೋಣ" ಅಂದ ನನ್ನ ಗೈಡ್‌ಗೆ ಹೇಗೆ ಥ್ಯಾಂಕ್ಸ್ ಹೇಳಲಿ? ಬೇರೆ ಊರುಗಳಲ್ಲಿ ಕಾದು ಕೂತು ರೆಕಾರ್ಡ್ ಮಾಡಿದ್ದ ಹವ್ಯಾಸಿ ಆಕಾಶವೀಕ್ಷಕರು ಕೇಳಿದ ತಕ್ಷಣ ತಮ್ಮ ಫೈಲುಗಳನ್ನು ಕೊಟ್ಟರು, ನಿಮಗೂ ನಾನು ಋಣಿ.

ಮುಂದಿನ ಅವಕಾಶದಲ್ಲಿ ಆಕಾಶ ಕೈಬಿಡಲಿಲ್ಲ. ಆದರೆ ಆ ಹೊತ್ತಿನಲ್ಲಿ ಪ್ಲೂಟೊ, ನಕ್ಷತ್ರ ಎರಡೂ ಸೇರಿ ಒಂದೇ ಚುಕ್ಕಿಯಾಗಿ ಕಾಣುತ್ತವೆ. ಯಾರ ಬೆಳಕು ಎಷ್ಟು ಅಂತ ತಿಳಿಯಲು ಅವು ದೂರವಾದ ಮೇಲೆ ಬೇರೆ ಬೇರೆಯಾಗಿ ಫೋಟೊ ತೆಗೆಯಬೇಕು, ಇಲ್ಲದಿದ್ದರೆ ಬೆಳಕು ಕುಂದುವುದನ್ನು ತೋರಿಸುವ ಗ್ರಾಫಿನಲ್ಲಿ ಸೊನ್ನೆ, ಅಂದರೆ ನಕ್ಷತ್ರದ ಬೆಳಕು ಒಂಚೂರೂ ಇಲ್ಲದ ಮಟ್ಟ, ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ, ಒತ್ತಡದ ಲೆಕ್ಕ ಪೂರ್ತಿ ತಪ್ಪುತ್ತದೆ. ನಾವೆಲ್ಲ ಖುಷಿಯಲ್ಲಿ ಸುಸ್ತಾಗಿ ಮಲಗಿದ್ದಾಗ, ಮರುದಿನದ ಚಳಿಯಲ್ಲಿ ಡೋಮ್‌ನಲ್ಲಿ ಕೂತು ಆ ಫೋಟೊ ತೆಗೆದುಕೊಟ್ಟವರು ರಾತ್ರಿ ಟೆಲಿಸ್ಕೋಪ್ ನೋಡಿಕೊಳ್ಳುವ ನಮ್ಮ ನೈಟ್ ಅಸಿಸ್ಟೆಂಟ್ ಅಣ್ಣ. ಪೇಪರಿನಲ್ಲಿ ಇಂಥವರ ಹೆಸರು ಜಾಸ್ತಿ ಬರುವುದಿಲ್ಲ, ಅಲ್ವಾ? ಬರಬೇಕು.

ಅಣ್ಣಾ, ಥೀಸಿಸ್‌ನ ಒಂದು ಪ್ರತಿ ನಿಮಗೆ ಕಳಿಸುತ್ತಿದ್ದೇನೆ. ನಾಲ್ಕನೇ ಅಧ್ಯಾಯದ ಗ್ರಾಫ್ ನಿಮ್ಮಿಂದ ಆದದ್ದು.