ಬಸರೂರಿನ ಶಾಸನ ಉಳಿಯಲಿ

ಮಾನ್ಯ ಸಂಪಾದಕರೇ,

ನಾನು ಹೊಸನಗರ ತಾಲ್ಲೂಕಿನ ನಗರದವನು. ನಮ್ಮಜ್ಜ ಎತ್ತಿನ ಗಾಡಿಯಲ್ಲಿ ಅಡಿಕೆ ಹೇರಿಕೊಂಡು ಘಟ್ಟ ಇಳಿದು, ಬರುವಾಗ ಉಪ್ಪು ತರುತ್ತಿದ್ದರು. 'ಬಸರೂರು ಅಂದ್ರೆ ನಮ್ಮೂರಿನ ಹೆಬ್ಬಾಗಿಲು ಕಣೋ' ಎನ್ನುತ್ತಿದ್ದರು. ಅದು ಬರೀ ಅಭಿಮಾನದ ಮಾತಲ್ಲ. ಬಿದನೂರು, ಅಂದರೆ ಇಂದಿನ ನಗರ, ಕೆಳದಿ ಅರಸರ ರಾಜಧಾನಿ. ವಾರಾಹಿ ದಂಡೆಯ ಬಸರೂರು ಅವರ ಬಂದರು. ಘಟ್ಟದ ಮೆಣಸು, ಬಯಲಿನ ಅಕ್ಕಿ ಅಲ್ಲಿಂದ ಹಡಗು ಹತ್ತುತ್ತಿದ್ದವು. ಪೋರ್ಚುಗೀಸರು ಅದನ್ನು 'ಬಾರ್ಸೆಲೋರ್' ಎಂದು ಬರೆದುಕೊಂಡರು. ಆ ಸಂಪತ್ತಿನ ಸುದ್ದಿ ಕೇಳಿಯೇ 1665ರಲ್ಲಿ ಶಿವಾಜಿ ಸಮುದ್ರದ ದಾರಿಯಲ್ಲಿ ಬಂದು ಪಟ್ಟಣ ಸೂರೆ ಮಾಡಿದ್ದು.

ಕಳೆದ ವಾರ ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದೆ. ಒಂದು ಶಾಸನದ ಕಲ್ಲು ಮಳೆಗೆ ನೆನೆಯುತ್ತ ನಿಂತಿತ್ತು. ತಲೆಯ ಮೇಲಿನ ಸೂರ್ಯಚಂದ್ರರು ಕಾಣುತ್ತಿದ್ದರು, ಕೆಳಗಿನ ಸಾಲುಗಳನ್ನು ಪಾಚಿ ನುಂಗಿತ್ತು. ಮಗು ಬೆರಳಾಡಿಸಿ 'ಇದ್ರಲ್ಲಿ ಏನು ಬರೆದಿದೆ ಅಜ್ಜ?' ಎಂದಳು. ಓದಿ ಹೇಳಲು ಪಕ್ಕದಲ್ಲಿ ಒಂದು ಫಲಕವೂ ಇರಲಿಲ್ಲ.

ಸಂಬಂಧಪಟ್ಟವರು ಅದಕ್ಕೊಂದು ಮಾಡು ಕಟ್ಟಿಸಿ, ಪಾಠವನ್ನು ಇಂದಿನ ಕನ್ನಡದಲ್ಲಿ ಬರೆಸಲಿ. ನಗರದ ಕೋಟೆಯ ಬಾಗಿಲಲ್ಲೂ ಬಸರೂರಿನ ಹೆಸರಿರಲಿ.

— ನಿವೃತ್ತ ಶಿಕ್ಷಕ, ನಗರ, ಹೊಸನಗರ ತಾಲ್ಲೂಕು