ಡಬ್ಬಿ ಬದಲಾದರೆ ಔಷಧಿ ಬದಲಾಗದು

ಮಾನ್ಯರೇ,

ಮಳೆ ಹಿಡಿದರೆ ಸಾಕು, ಹೆಸರಘಟ್ಟ, ಆನೇಕಲ್ ಕಡೆಯ ಕೊಟ್ಟಿಗೆಗಳಲ್ಲಿ ಒಂದೇ ದೂರು: ಎಷ್ಟು ಔಷಧಿ ಹೊಡೆದರೂ ಹಸುವಿನ ರಕ್ತ ಹೀರುವ ಕೊಟ್ಟಿಗೆ ನೊಣ ಸಾಯುತ್ತಿಲ್ಲ. ಡೆಲ್ಟಾಮೆಥ್ರಿನ್ ಕೈಕೊಟ್ಟರೆ ಸೈಪರ್‌ಮೆಥ್ರಿನ್, ಅದೂ ನಡೆಯದಿದ್ದರೆ ಫ್ಲುಮೆಥ್ರಿನ್ ತರುತ್ತಾರೆ. ಮೂರೂ ಪೈರೆಥ್ರಾಯ್ಡ್ ಎಂಬ ಒಂದೇ ಗುಂಪಿನ ಕೀಟನಾಶಕಗಳು. ನೊಣದ ನರದಲ್ಲಿ ಸೋಡಿಯಂ ಒಳಬಿಡುವ ದ್ವಾರವೇ ಮೂರಕ್ಕೂ ಗುರಿ. ಆ ದ್ವಾರದ ರಚನೆ ಬದಲಾಗಿರುವ ನೊಣಕ್ಕೆ ಯಾವುದೂ ಸರಿಯಾಗಿ ತಾಕದು. ಹಸುವಿನ ಮೈಯ ಉಣ್ಣಿಗೆಂದು ಹೊಡೆಯುವುದೂ ಇವನ್ನೇ ಆದ್ದರಿಂದ ನೊಣಕ್ಕೆ ವರ್ಷವಿಡೀ ಅದೇ ವಿಷ ತಾಕುತ್ತಿರುತ್ತದೆ.

ಮುಚ್ಚಳದ ಲೆಕ್ಕದಲ್ಲಿ ತೆಳುವಾಗಿ ಕಲಸುವುದು ಇನ್ನೂ ಕೆಟ್ಟದ್ದು. ತಂದೆ ತಾಯಿಯರಲ್ಲಿ ಒಂದರಿಂದ ಮಾತ್ರ ಈ ಬದಲಾದ ದ್ವಾರದ ಗುಣ ಪಡೆದ ನೊಣ ಪೂರ್ತಿ ಅಳತೆಗೆ ಸಾಯುತ್ತದೆ, ಅರ್ಧ ಅಳತೆಗೆ ಉಳಿಯುತ್ತದೆ. ಉಳಿದವು ಕೂಡಿದಾಗ ಪೂರ್ತಿ ಅಳತೆಗೂ ಜಗ್ಗದ ಮರಿಗಳು ಹುಟ್ಟುತ್ತವೆ. ಹಾಗೆಂದು ಬೆಳೆಗೆ ಹೊಡೆಯುವ ಗಡುಸು ಔಷಧಿಯನ್ನು ಹಸುವಿನ ಮೈಗೆ ಬಳಿಯುವುದು ದಯವಿಟ್ಟು ಬೇಡ. ಅದರ ಅಂಶ ಹಾಲಿಗೆ ಇಳಿಯುತ್ತದೆ.

ರಕ್ತ ಹೀರುವ ಕೊಟ್ಟಿಗೆ ನೊಣ ನೋಡಲು ಮನೆನೊಣದಂತೆಯೇ. ಆದರೆ ಸೂಜಿಯಂಥ ಗಡುಸಾದ ಸೊಂಡಿಲು ತಲೆಯಿಂದ ಮುಂದಕ್ಕೆ ಚಾಚಿರುತ್ತದೆ. ಹೆಚ್ಚಾಗಿ ಮುಂಗಾಲಿಗೆ ಕೂರುತ್ತದೆ, ಕೆಲವೇ ನಿಮಿಷ ಹೀರಿ ಗೋಡೆಗೆ ಹಾರುತ್ತದೆ. ಬೆನ್ನಿಗೆ ಹೊಡೆದ ಔಷಧಿ ಅದಕ್ಕೆ ಸಿಗುವುದೇ ಅಪರೂಪ. ಕಾಲು, ಹೊಟ್ಟೆಯ ಅಡಿಭಾಗ ನೆನೆಯಬೇಕು.

ಇದು ಹುಟ್ಟುವ ಜಾಗ ಹಸಿ ಸಗಣಿಗಿಂತ ಹೆಚ್ಚಾಗಿ ಗೋದಲಿಯ ಬುಡದಲ್ಲಿ ಗಂಜಲ, ಸಗಣಿ ಬೆರೆತು ಕೊಳೆತ ಹುಲ್ಲು. ಸೀಮೆಹುಲ್ಲಿನ ದಂಟು, ಬಣವೆಯ ಒದ್ದೆ ಅಂಚು, ಸೈಲೇಜ್ (ಹುದುಗಿಸಿದ ಹಸಿ ಮೇವು) ಗುಂಡಿಯ ಬದಿಯೂ ಅಷ್ಟೇ. ಬಿಸಿಲುಗಾಲದಲ್ಲಿ ಮೊಟ್ಟೆ ನೊಣವಾಗಲು ಎರಡು ಮೂರು ವಾರ ಸಾಕು. ವಾರಕ್ಕೊಮ್ಮೆ ಕೆರೆದು ತೆಗೆದರೆ ಹುಳು ಬಲಿಯುವುದಿಲ್ಲ. ತೆಗೆದದ್ದನ್ನು ತಿಪ್ಪೆಗೆ ಹಾಕಿ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹೊದಿಸಿ. ಒಳಗಿನ ಬಿಸಿ 50 ಡಿಗ್ರಿ ದಾಟಿದರೆ ಹುಳು ಉಳಿಯುವುದಿಲ್ಲ. ಅಂಚು ಮಾತ್ರ ತಂಪಾಗಿಯೇ ಇರುತ್ತದೆ, ವಾರಕ್ಕೊಮ್ಮೆ ಅದನ್ನು ಒಳಕ್ಕೆ ತಿರುವಬೇಕು. ಔಷಧಿಯ ಖರ್ಚಿಗಿಂತ ಈ ಕೆಲಸಕ್ಕೇ ಬೆಲೆ ಹೆಚ್ಚು.

ಚರ್ಮಗಂಟು ರೋಗ ಹರಡುವುದರಲ್ಲಿ ಈ ನೊಣದ ಪಾತ್ರವಿದೆ. ಹೀಗಿರುವಾಗ ಯಾವ ಔಷಧಿ ಎಲ್ಲಿ ಸೋತಿದೆ ಎಂದು ತಿಳಿಯದೆ ಹೊಡೆಯುತ್ತಲೇ ಇರುವುದು ಸರಿಯಲ್ಲ. ಪರೀಕ್ಷೆ ಕಷ್ಟವೇನಲ್ಲ: ಗಾಜಿನ ಬಾಟಲಿಯ ಒಳಗೋಡೆಗೆ ನಿಗದಿತ ಪ್ರಮಾಣದ ಔಷಧಿ ಸವರಿ ಒಣಗಿಸಿ, ಅದೇ ಕೊಟ್ಟಿಗೆಯ ಇಪ್ಪತ್ತು ನೊಣ ಬಿಟ್ಟು, ಔಷಧಿಯಿಲ್ಲದ ಇನ್ನೊಂದು ಬಾಟಲಿಯ ಜೊತೆ ಹೋಲಿಸಿ 24 ಗಂಟೆಯ ನಂತರ ಸತ್ತವನ್ನು ಎಣಿಸುವುದು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ನೆರವಿನಿಂದ ಪಶುಪಾಲನಾ ಇಲಾಖೆ ಇದನ್ನು ಪ್ರತಿ ತಾಲ್ಲೂಕಿನಲ್ಲೂ ಮುಂಗಾರಿಗೆ ಮೊದಲೇ ಮಾಡಿಸಲಿ. ಫಲಿತಾಂಶವನ್ನು ಊರ ಡೇರಿಯ ಫಲಕದಲ್ಲಿ ಬರೆದರೆ ಹಾಲು ಹಾಕಲು ಬರುವವರೆಲ್ಲ ಓದುತ್ತಾರೆ.

– ಪಶುವೈದ್ಯ, ಯಲಹಂಕ, ಬೆಂಗಳೂರು